ಬ್ರಿಸ್ಟಲ್‌ನ ಹನ್ನೆರಡು ದಿನ: ಕಂಟ್ರಿ ಸಂಗೀತದ ಊರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಷಾರ್ಲಟ್ ನಗರದಲ್ಲಿರುವ ನಮ್ಮ ಮನೆಗೆ ಯಾರೇ ಬಂದರೂ ಒಂದು ಶನಿವಾರ ಅವರನ್ನು ಕಾರಲ್ಲಿ ಕೂರಿಸಿಕೊಂಡು ಬ್ರಿಸ್ಟಲ್‌ಗೆ ಹೊರಡುತ್ತೇನೆ. ಸುಮಾರು ಮೂರು ಗಂಟೆಯ ದಾರಿ, ಮಧ್ಯೆ ಬೆಟ್ಟಸಾಲು. ದಾರಿಯುದ್ದಕ್ಕೂ ಪ್ರಶ್ನೆ. ವಾಪಸ್ ಊರಿಗೆ ಹೋದ ಮೇಲೂ ಅವರಿಂದ ವಾಟ್ಸಾಪ್‌ನಲ್ಲಿ ಪ್ರಶ್ನೆ. ಪ್ರತಿ ಸಲ ಹೇಳಿದ್ದನ್ನೇ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ತಿದ್ದಿಲ್ಲ, ಕೇಳಿದವರ ಮಾತಲ್ಲೇ ಇವೆ.

## ಮೊದಲು ಊರು

ಯಾವ ಬ್ರಿಸ್ಟಲ್? ಇಂಗ್ಲೆಂಡಿನದಾ?

ಅಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ ಅಪಲೇಚಿಯನ್ ಬೆಟ್ಟಗಳಿವೆ. ಆ ಬೆಟ್ಟಗಳ ನಡುವೆ ಇರುವ ಸಣ್ಣ ಊರು ಇದು. ಅರ್ಧ ಊರು ವರ್ಜೀನಿಯಾ ರಾಜ್ಯದಲ್ಲಿದೆ, ಇನ್ನರ್ಧ ಟೆನೆಸಿ ರಾಜ್ಯದಲ್ಲಿದೆ. ಎರಡೂ ಸೇರಿಸಿದರೆ ಈಗಿನ ಜನಸಂಖ್ಯೆ ಸುಮಾರು 44 ಸಾವಿರ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ.

ಗಡಿ ರಸ್ತೆ ಮಧ್ಯೆ ಹೋಗುತ್ತೆ ಅಂತಾರಲ್ಲ, ನಿಜವಾಗ್ಲೂ ಮಧ್ಯಾನಾ?

ನಿಜವಾಗ್ಲೂ ಮಧ್ಯವೇ. ಊರಿನ ಮುಖ್ಯ ಬೀದಿಯ ಹೆಸರೇ ಸ್ಟೇಟ್ ಸ್ಟ್ರೀಟ್. ಅದರ ನಡುವಿನ ಗೆರೆಯ ಮೇಲೆ ಹಿತ್ತಾಳೆಯ ಗುರುತುಗಳನ್ನು ಕೂರಿಸಿದ್ದಾರೆ. ಗುರುತಿನ ಒಂದು ಕಡೆ ವರ್ಜೀನಿಯಾ, ಇನ್ನೊಂದು ಕಡೆ ಟೆನೆಸಿ. ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳದೆ ಯಾರೂ ಅಲ್ಲಿಂದ ಬಂದಿಲ್ಲ. ಕಾರು ಬಂದರೆ ಮಾತ್ರ ಓಡಬೇಕು, ಅದು ಓಡಾಟದ ರಸ್ತೆಯೇ.

ಅತ್ತಿಬೆಲೆ ದಾಟಿದರೆ ಹೊಸೂರು ಎನ್ನುವ ಹಾಗಲ್ಲ ಇದು. ಇಲ್ಲಿ ಎದುರಂಗಡಿಗೆ ಹೋದರೆ ರಾಜ್ಯವೇ ಬದಲಾಗುತ್ತದೆ. ಇಬ್ಬರು ಮೇಯರ್, ಎರಡು ಪೊಲೀಸ್ ಪಡೆ, ಎರಡು ಥರದ ತೆರಿಗೆ. ಸಾರ್ವಜನಿಕ ಗ್ರಂಥಾಲಯ ಮಾತ್ರ ಎರಡೂ ಕಡೆಗೂ ಸೇರಿ ಒಂದೇ. ಬೀದಿಗೆ ಅಡ್ಡಲಾಗಿ ದೊಡ್ಡ ದೀಪದ ಫಲಕವಿದೆ. ಮೊದಲು ಒಂದು ಕಟ್ಟಡದ ಮೇಲಿದ್ದ ಅದನ್ನು 1915ರಲ್ಲಿ ಬೀದಿಗೆ ತಂದರು. ‘ಬದುಕೋಕೆ ಒಳ್ಳೇ ಜಾಗ’ ಎಂಬ ಅರ್ಥದ ಮಾತು ಅದರ ಮೇಲೆ ಬಂದದ್ದು 1921ರಲ್ಲಿ. ಕತ್ತಲಾದ ಮೇಲೆ ನೋಡಿ, ಚೆನ್ನಾಗಿರುತ್ತದೆ.

ಕಂಟ್ರಿ ಮ್ಯೂಸಿಕ್ ಅಂದ್ರೆ ಕೌಬಾಯ್ ಟೋಪಿ ಹಾಕ್ಕೊಂಡು ಹಾಡೋದು ತಾನೆ?

ಟೋಪಿ ಆಮೇಲೆ ಬಂತು. ಟೆಕ್ಸಸ್ ಕಡೆಯ ಗಾಯಕರು ಮತ್ತು ಹಾಲಿವುಡ್ ಸಿನಿಮಾಗಳು ತಂದದ್ದು ಅದು. 1920ರ ದಶಕದಲ್ಲಿ ಈ ಬೆಟ್ಟದ ಜನ ಹಾಡುತ್ತಿದ್ದದ್ದು ಮನೆಯ ಜಗುಲಿಯಲ್ಲಿ, ಚರ್ಚ್‌ನಲ್ಲಿ, ಜೋಳದ ಸಿಪ್ಪೆ ಸುಲಿಯುವಾಗ. ಸ್ಕಾಟ್‌ಲೆಂಡ್, ಐರ್ಲೆಂಡ್ ಕಡೆಯಿಂದ ವಲಸೆ ಬಂದವರ ಕಥನಗೀತೆಗಳು, ಅವರ ಪಿಟೀಲು. ಆಫ್ರಿಕಾದಿಂದ ಗುಲಾಮರಾಗಿ ತಂದವರ ಜೊತೆ ಬಂದ ಬ್ಯಾಂಜೋ. ಅಂಚೆಯಲ್ಲಿ ತರಿಸಿಕೊಂಡ ಅಗ್ಗದ ಗಿಟಾರ್. ಇವೆಲ್ಲ ಕಲೆತು ಆದದ್ದು ಈ ಹಾಡು. ಆಗ ಇದಕ್ಕೆ ‘ಕಂಟ್ರಿ’ ಎಂಬ ಹೆಸರೂ ಇರಲಿಲ್ಲ. ‘ಹಳೇ ಕಾಲದ ಹಾಡು’ ಅಂತಲೋ ‘ಹಿಲ್‌ಬಿಲಿ’ ಅಂತಲೋ ಮಾರುತ್ತಿದ್ದರು. ಹಿಲ್‌ಬಿಲಿ ಅಂದರೆ ಗುಡ್ಡಗಾಡಿನ ಗಮಾರ ಅಂತ ಅರ್ಥ. ಹಾಡು ಬೇಕು, ಹಾಡುವವರನ್ನು ಕಂಡರೆ ನಗು.

ಪಿಟೀಲು ಅಂದೆನಲ್ಲ, ಅದು ನಮ್ಮದೇ ಪಿಟೀಲು. ಮೈಸೂರಿನ ಚೌಡಯ್ಯನವರು ಕಾಲು ಮಡಚಿ ಕೂತು ಏಳು ತಂತಿಯಲ್ಲಿ ನುಡಿಸಿದರು. ಇಲ್ಲಿಯವರು ನಾಲ್ಕೇ ತಂತಿಯಲ್ಲಿ, ಹಳಬರಾದರೆ ಎದೆಗೆ ಆನಿಸಿಕೊಂಡು, ಕುಣಿಯುವವರ ಹೆಜ್ಜೆಗೆ ನುಡಿಸುತ್ತಾರೆ.

## 1927ರ ಬೇಸಿಗೆ

ಅಲ್ಲಿ ಆಗಿದ್ದಾದರೂ ಏನು? ಎರಡು ಸಾಲಲ್ಲಿ ಹೇಳಿ.

1927ರ ಜುಲೈ 25ರಿಂದ ಆಗಸ್ಟ್ 5ರವರೆಗೆ ವಿಕ್ಟರ್ ಎಂಬ ಗ್ರಾಮಫೋನ್ ಕಂಪನಿ ಬ್ರಿಸ್ಟಲ್‌ನಲ್ಲಿ ಬೀಡುಬಿಟ್ಟು 19 ತಂಡಗಳಿಂದ 76 ರೆಕಾರ್ಡಿಂಗ್ ಮಾಡಿಕೊಂಡಿತು. ಅವರಲ್ಲಿ ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಡ್ಜರ್ಸ್ ಮುಂದೆ ದೇಶಕ್ಕೆಲ್ಲ ಗೊತ್ತಾದರು.

ಅಷ್ಟು ದೊಡ್ಡ ಕಂಪನಿ ಈ ಸಣ್ಣ ಊರಿಗೆ ಯಾಕೆ ಬಂತು?

ರಾಲ್ಫ್ ಪೀರ್ ಎಂಬ ಮನುಷ್ಯನಿಂದ. 1923ರಲ್ಲಿ ಬೇರೊಂದು ಕಂಪನಿಯಲ್ಲಿದ್ದಾಗ ಅವನು ಅಟ್ಲಾಂಟಾದಲ್ಲಿ ಫಿಡ್ಲಿನ್ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡು ಮುದ್ರಿಸಿದ್ದ. ಕೇಳಿದಾಗ ಪೀರ್‌ಗೆ ಅದು ಹಿಡಿಸಲಿಲ್ಲ. ಪ್ಲೇಟು ಮಾತ್ರ ಅಂಗಡಿಗೆ ಬಂದದ್ದೇ ತಡ ಖಾಲಿಯಾಯಿತು. ಹಳ್ಳಿಯವರು ತಮ್ಮ ಹಾಡಿಗೆ ದುಡ್ಡು ಕೊಡುತ್ತಾರೆ ಅನ್ನುವುದು ಅವನಿಗೆ ಆಗ ಗೊತ್ತಾಯಿತು.

ಬ್ರಿಸ್ಟಲ್‌ಗೆ ರೈಲಿತ್ತು. ಸುತ್ತ ವರ್ಜೀನಿಯಾ, ಟೆನೆಸಿ, ಕೆಂಟಕಿ, ನಾರ್ತ್ ಕೆರೊಲೈನಾ ಎಲ್ಲ ಹತ್ತಿರ. ಆ ಹೊತ್ತಿಗಾಗಲೇ ಹೆಸರು ಮಾಡಿದ್ದ ಅರ್ನೆಸ್ಟ್ ಸ್ಟೋನ್‌ಮನ್ ಎಂಬ ಗಾಯಕನೂ ಈ ಊರಿನ ಹೆಸರು ಹೇಳಿದ್ದ. ಬ್ರಿಸ್ಟಲ್ ಮುಗಿಸಿ ಪೀರ್ ನೇರ ನಮ್ಮ ಷಾರ್ಲಟ್‌ಗೆ, ಅಲ್ಲಿಂದ ಸವಾನಾಗೆ ಹೋದ. ಅಂದರೆ ಅವನ ಪಟ್ಟಿಯಲ್ಲಿ ಬ್ರಿಸ್ಟಲ್ ಮೂರು ಊರಲ್ಲಿ ಒಂದು, ಅಷ್ಟೇ. ಷಾರ್ಲಟ್‌ನವರಿಗೆ ಇದು ಹೇಳಿದರೆ ಸ್ವಲ್ಪ ಹೊಟ್ಟೆಕಿಚ್ಚು ಬರುತ್ತದೆ.

ಸ್ಟುಡಿಯೋ ಇಲ್ಲದೆ ರೆಕಾರ್ಡಿಂಗ್ ಹೇಗೆ ಮಾಡಿದ್ರು?

ಟೆನೆಸಿ ಕಡೆಯ ಬದಿಯಲ್ಲಿ ಟೇಲರ್-ಕ್ರಿಶ್ಚಿಯನ್ ಎಂಬ ಟೋಪಿ ಕಂಪನಿಯ ಕಟ್ಟಡವಿತ್ತು. ಅದರ ಮೇಲಿನ ಮಹಡಿ ಖಾಲಿ. ಅದನ್ನೇ ಬಾಡಿಗೆಗೆ ಹಿಡಿದರು. (ಕೊನೆಗೂ ಟೋಪಿಗೆ ಒಂದು ಸಂಬಂಧ ಸಿಕ್ಕಿತು ನೋಡಿ.) ಸದ್ದು ಮಾರ್ದನಿಸದಿರಲಿ ಅಂತ ಗೋಡೆಗೆ ಕಂಬಳಿ, ಕೌದಿ ಇಳಿಬಿಟ್ಟರು. ಪೀರ್ ಜೊತೆ ಇಬ್ಬರು ಎಂಜಿನಿಯರ್‌ಗಳಿದ್ದರು.

ಮುಖ್ಯ ಸಂಗತಿ ಮೈಕು. 1925ರ ತನಕ ಗಾಯಕರು ಒಂದು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಕಿರುಚಬೇಕಿತ್ತು. ಮೆಲುದನಿ, ಗಿಟಾರ್ ಅದರಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ವಿದ್ಯುತ್ ಮೈಕು ಬಂದ ಮೇಲೆ ಮನೆಯಲ್ಲಿ ಹಾಡುವ ಹಾಗೆಯೇ ಹಾಡಿದರೆ ಸಾಕಾಯಿತು. ಮೈಕಿನಿಂದ ಬಂದ ಸದ್ದನ್ನು ಮುಳ್ಳು ದಪ್ಪ ಮೇಣದ ತಟ್ಟೆಯ ಮೇಲೆ ಕೊರೆಯುತ್ತಿತ್ತು. ತಟ್ಟೆ ಒಂದೇ ವೇಗದಲ್ಲಿ ತಿರುಗಬೇಕಲ್ಲ, ಕರೆಂಟಿನ ಮೋಟಾರ್ ನಂಬುವ ಹಾಗಿರಲಿಲ್ಲ. ಅದಕ್ಕೆ ಮರದ ಚೌಕಟ್ಟು ನಿಲ್ಲಿಸಿ, ರಾಟೆಯಿಂದ ಭಾರ ಇಳಿಬಿಟ್ಟು, ಹಳೇ ಗೋಡೆ ಗಡಿಯಾರದಂತೆ ತಿರುಗಿಸುತ್ತಿದ್ದರು. ಮೇಣವನ್ನು ಅಲ್ಲೇ ಹಾಕಿ ಕೇಳಿದರೆ ಗೀರು ಬಿದ್ದು ಹಾಳು. ಹಾಗಾಗಿ ನ್ಯೂಜೆರ್ಸಿಯ ಕಾರ್ಖಾನೆಗೆ ಹೋಗಿ ಪ್ಲೇಟು ಆಗುವವರೆಗೆ ಕಾಯಬೇಕು. ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಸುಮಾರು ಮೂರು ನಿಮಿಷ. ಇಪ್ಪತ್ತು ಚರಣದ ಹಾಡಾದರೂ ಅಷ್ಟರಲ್ಲಿ ಮುಗಿಯಬೇಕು.

ವಿಕ್ಟರ್ ಕಂಪನಿಯ ಗುರುತು ಏನು ಗೊತ್ತಾ? ಗ್ರಾಮಫೋನ್ ಮುಂದೆ ಕಿವಿ ಕೊಟ್ಟು ಕೂತ ನಾಯಿ. ನಮ್ಮಲ್ಲಿ ಎಚ್ಎಂವಿ ಪ್ಲೇಟಿನ ಮೇಲೆ ಇತ್ತಲ್ಲ, ಅದೇ ನಾಯಿ. ಮ್ಯೂಸಿಯಂಗೆ ಬಂದ ನಮ್ಮ ಸೋದರತ್ತೆ ಅದನ್ನು ನೋಡಿ, ‘ಅಯ್ಯೋ, ಇದು ನಮ್ಮನೇ ನಾಯಿ ಅಲ್ವಾ’ ಅಂದಿದ್ದರು.

ಜನಕ್ಕೆ ಹೇಗೆ ಗೊತ್ತಾಯ್ತು? ಆಡಿಷನ್ ಇತ್ತಾ?

ಮೊದಲ ದಿನಗಳಿಗೆ ಪೀರ್ ಮುಂಚೆಯೇ ಕೆಲವರನ್ನು ಗೊತ್ತು ಮಾಡಿದ್ದ. ಊರಿನ ಪೇಪರಿನಲ್ಲಿ ಗ್ರಾಮಫೋನ್ ಅಂಗಡಿಯವರ ಜಾಹೀರಾತಿನಲ್ಲೂ ಒಂದು ಸಾಲು ಬಂದಿತ್ತು. ಅಷ್ಟರಿಂದ ಜನ ಕದಲಲಿಲ್ಲ. ಆಗ ಅವನು ಸ್ಥಳೀಯ ಪೇಪರಿನವರನ್ನು ರೆಕಾರ್ಡಿಂಗ್ ನೋಡಲು ಕರೆದ. ಜುಲೈ 27ರ ಸುದ್ದಿಯಲ್ಲಿ ಸ್ಟೋನ್‌ಮನ್‌ಗೆ ದಿನಕ್ಕೆ 100 ಡಾಲರ್ ಸಿಗುತ್ತಿದೆ, ಹಿಂದಿನ ವರ್ಷ ರಾಯಲ್ಟಿಯೇ 3,600 ಡಾಲರ್ ಬಂದಿತ್ತು ಅಂತ ಬಂತು. ಒಂದು ಪ್ಲೇಟಿನ ಬೆಲೆ 75 ಸೆಂಟ್ ಇದ್ದ ಕಾಲ ಅದು.

ಮಾರನೇ ದಿನದಿಂದ ಫೋನಿಗೆ ಬಿಡುವಿಲ್ಲ. ಬಸ್ಸು, ರೈಲು, ಕುದುರೆಗಾಡಿ, ಕಾಲ್ನಡಿಗೆ, ಹೇಗೆಂದರೆ ಹಾಗೆ ಜನ ಬಂದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಮಜಾ ಇರುವುದು ಇಲ್ಲೇ. ಹಾಡು ಮೊದಲೂ ಇತ್ತು, ಹಾಡುವವರೂ ಇದ್ದರು. ಆ ಕಟ್ಟಡದ ಮೆಟ್ಟಿಲು ಹತ್ತಿಸಿದ್ದು ಪೇಪರಿನಲ್ಲಿ ಬಂದ ಸಂಬಳದ ಲೆಕ್ಕ.

ಕಾರ್ಟರ್ ಕುಟುಂಬ ಅಂದ್ರೆ ಯಾರ್ಯಾರು?

ಮೂರು ಜನ. ಎ. ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಸಾರಾ ಮತ್ತು ಮೇಬೆಲ್ ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳ ಥರದ ಸಂಬಂಧ, ಮದುವೆಯಾಗಿ ವಾರಗಿತ್ತಿಯರಾದವರು. ಬ್ರಿಸ್ಟಲ್‌ನಿಂದ ಸುಮಾರು 25 ಮೈಲಿ ದೂರದ ಪೂರ್ ವ್ಯಾಲಿ ಅವರ ಜಾಗ. ಹೆಸರೇ ‘ಬಡ ಕಣಿವೆ’.

ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ. ಸಾರಾ ಕಂಕುಳಲ್ಲಿ ಏಳು ತಿಂಗಳೂ ಆಗದ ಮೊಲೆಗೂಸು ಜೋ. ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಮಗಳು ಗ್ಲಾಡಿಸ್. ಕಾರು ಮೇಬೆಲ್‌ನ ಗಂಡನದು. ಬಸುರಿ ಹೆಂಡತಿಯನ್ನು ಈ ಹುಚ್ಚಿಗೆ ಕಳಿಸಲು ಅವನಿಗೆ ಇಷ್ಟವಿರಲಿಲ್ಲ. ನಿನ್ನ ಜೋಳದ ಹೊಲದ ಕಳೆ ಕೀಳುತ್ತೇನೆ ಅಂತ ಎ. ಪಿ. ಮಾತು ಕೊಟ್ಟ ಮೇಲೆ ಒಪ್ಪಿದ. ದಾರಿಯಲ್ಲಿ ಟಯರ್ ಪಂಚರ್. ಬೇಸಿಗೆಯ ಬಿಸಿಲು.

ಆಗಸ್ಟ್ 1ರ ಸಂಜೆ ನಾಲ್ಕು ಹಾಡಾಯಿತು. ಸಾರಾ ಬಾಯಿ ತೆರೆದದ್ದೇ ಪೀರ್‌ಗೆ ಗೊತ್ತಾಯಿತಂತೆ, ಇದು ಗೆಲ್ಲುವ ದನಿ ಅಂತ. ಮಾರನೇ ಬೆಳಗ್ಗೆ ಎ. ಪಿ. ಬರಲೇ ಇಲ್ಲ. ಹೆಂಗಸರಿಬ್ಬರೇ ಇನ್ನೆರಡು ಹಾಡಿದರು. ಒಂದು ಹಾಡಿಗೆ 50 ಡಾಲರ್, ಮೇಲೆ ಮಾರಾಟವಾದಷ್ಟಕ್ಕೆ ಪುಡಿ ರಾಯಲ್ಟಿ. ದುಡ್ಡು ತೆಗೆದುಕೊಂಡು ಮನೆಗೆ ಹೋದರು.

ಜಿಮ್ಮಿ ರಾಡ್ಜರ್ಸ್ ಆ ಊರಿನವನೇನಾ?

ಅಲ್ಲ, ಮಿಸಿಸಿಪಿಯ ಮೆರಿಡಿಯನ್ ಕಡೆಯವನು. ರೈಲ್ವೆಯಲ್ಲಿ ಬ್ರೇಕ್‌ಮ್ಯಾನ್ ಆಗಿದ್ದ. ಟಿ.ಬಿ. ಅಂಟಿ ಆ ಕೆಲಸ ಬಿಟ್ಟಿತು. ಒಂದು ತಂಡ ಕಟ್ಟಿಕೊಂಡು ಬ್ರಿಸ್ಟಲ್‌ಗೆ ಬಂದ. ರೆಕಾರ್ಡಿಂಗ್ ಹಿಂದಿನ ರಾತ್ರಿ ಪ್ಲೇಟಿನ ಮೇಲೆ ಯಾರ ಹೆಸರು ಹಾಕಬೇಕು ಅಂತ ಜಗಳ. ತಂಡದವರು ಬೇರೆಯಾಗಿ ‘ಟೆನೆವಾ ರ‍್ಯಾಂಬ್ಲರ್ಸ್’ ಹೆಸರಲ್ಲಿ ಹಾಡಿದರು. ಆಗಸ್ಟ್ 4ರಂದು ಇವನು ಒಬ್ಬನೇ ಗಿಟಾರ್ ಹಿಡಿದು ಎರಡು ಹಾಡು ಹಾಡಿ, 100 ಡಾಲರ್ ಜೇಬಿಗಿಟ್ಟುಕೊಂಡ. ತಂಡದವರನ್ನು ಇವತ್ತು ಎಷ್ಟು ಜನ ಬಲ್ಲರು?

ಅವನ ದೊಡ್ಡ ಹಿಟ್ ಬ್ರಿಸ್ಟಲ್‌ನದಲ್ಲ. ಅದೇ ನವೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಮುದ್ರಿಸಿದ್ದು. ಆರೇ ವರ್ಷ ಹಾಡಿದ. 1933ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಕೊನೆಯ ರೆಕಾರ್ಡಿಂಗ್‌ಗೆ ಸ್ಟುಡಿಯೋದಲ್ಲೇ ಮಂಚ ಹಾಕಿಸಿದ್ದರು. ಒಂದು ಹಾಡು ಹಾಡುವುದು, ಮಲಗುವುದು, ಮತ್ತೆ ಎದ್ದು ಇನ್ನೊಂದು. ಕೆಲವೇ ದಿನದಲ್ಲಿ, ಮೇ 26ರಂದು ಅಲ್ಲೇ ಹೋಟೆಲ್ಲಿನಲ್ಲಿ ತೀರಿಕೊಂಡ. 35 ವರ್ಷ.

ಅವನು ಮಧ್ಯೆ ಮಧ್ಯೆ ‘ಓಡ್ಲೇಯೀ’ ಅಂತಾನಲ್ಲ, ಅದೇನು?

ಯೋಡ್ಲಿಂಗ್. ಎದೆಯ ದನಿಯಿಂದ ತಲೆಯ ದನಿಗೆ ಥಟ್ಟನೆ ಜಿಗಿದು ಮತ್ತೆ ಇಳಿಯುವುದು. ಕಿಶೋರ್ ಕುಮಾರ್ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

## ಸ್ವಲ್ಪ ಒಳಗೆ ಹೋದರೆ

ಹಾಡುಗಳು ಕಾರ್ಟರ್‌ನವರದ್ದೇನಾ, ಇಲ್ಲಾ ಜನಪದವಾ?

ಸರಿಯಾದ ಪ್ರಶ್ನೆ. ಹೆಚ್ಚಿನವು ಬಾಯಿಂದ ಬಾಯಿಗೆ ಬಂದವು. ಕೆಲವು ಹಳೇ ಅಚ್ಚಿನ ಪುಸ್ತಕದವು, ಚರ್ಚಿನವು. ಎ. ಪಿ. ಬೆಟ್ಟ ಸುತ್ತುತ್ತಿದ್ದ. ಯಾರ ಮನೆಯಲ್ಲಿ ಅಜ್ಜಿ ಒಳ್ಳೇ ಹಾಡು ಹೇಳುತ್ತಾಳೆ ಅಂತ ಕೇಳಿಕೊಂಡು ಹೋಗಿ, ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದ. ಆಮೇಲೆ ಚರಣ ಕೂಡಿಸಿ, ಕಳೆದು, ಮೂರು ನಿಮಿಷಕ್ಕೆ ಹೊಂದಿಸುತ್ತಿದ್ದ. ನಮ್ಮಲ್ಲೂ ಜನಪದ ಸಂಗ್ರಾಹಕರು ಹೀಗೇ ಊರೂರು ಅಲೆದಿದ್ದಾರೆ. ಒಂದೇ ವ್ಯತ್ಯಾಸ: ಇಲ್ಲಿ ಹಾಡಿನ ಕೆಳಗೆ ‘ಎ. ಪಿ. ಕಾರ್ಟರ್’ ಅಂತ ಹೆಸರು ಬಿತ್ತು, ಹಕ್ಕುಸ್ವಾಮ್ಯ ನೋಂದಣಿಯಾಯಿತು.

ಹಾಗೆ ಮಾಡಿಸಿದ್ದು ಪೀರ್. ವಿಕ್ಟರ್‌ನಿಂದ ತನಗೆ ಸಂಬಳ ಬೇಡ, ಹಾಡಿನ ಪ್ರಕಾಶನದ ಹಕ್ಕು ನನಗಿರಲಿ ಅಂತ ಅವನು ಒಪ್ಪಂದ ಮಾಡಿಕೊಂಡಿದ್ದ. ಅಮೆರಿಕದ 1909ರ ಕಾಯ್ದೆಯ ಪ್ರಕಾರ ಮಾರಾಟವಾದ ಪ್ರತಿ ಹಾಡಿಗೂ ಹಕ್ಕುದಾರನಿಗೆ ಎರಡು ಸೆಂಟ್. ಅದರಲ್ಲಿ ಗಾಯಕರಿಗೂ ಪಾಲು ಕೊಟ್ಟ. 1928ರಲ್ಲಿ ಸದರ್ನ್ ಮ್ಯೂಸಿಕ್ ಎಂಬ ಕಂಪನಿಯನ್ನೇ ತೆರೆದ. ಹಿಂದಿನವರು ಇಪ್ಪತ್ತೋ ಮೂವತ್ತೋ ಡಾಲರ್ ಕೈಗಿಟ್ಟು ಕಳಿಸುತ್ತಿದ್ದರು, ಇವನು ಪಾಲು ಕೊಟ್ಟ, ಹಾಗಾಗಿ ಒಳ್ಳೆಯವನು ಅನ್ನುವವರಿದ್ದಾರೆ. ಊರವರ ಆಸ್ತಿಯನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡ ಅನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಅನ್ನಿಸುತ್ತದೆ. ಆದರೆ ಚೀಟಿಯಲ್ಲಿ ಹಾಡು ಬರೆಸಿದ ಅಜ್ಜಿಗೆ ಎರಡು ಸೆಂಟಿನಲ್ಲಿ ಏನೂ ಬರಲಿಲ್ಲ.

ಇದು ಬರೀ ಬಿಳಿಯರ ಸಂಗೀತವಾ?

ಪ್ಲೇಟು ಮಾರುವವರು ಹಾಗೆ ಮಾಡಿದರು. ಕರಿಯರ ಹಾಡಿಗೆ ಒಂದು ಕ್ಯಾಟಲಾಗು, ಬಿಳಿಯರದಕ್ಕೆ ಇನ್ನೊಂದು. ಬ್ರಿಸ್ಟಲ್‌ನ 19 ತಂಡಗಳಲ್ಲಿ ಕರಿಯ ಕಲಾವಿದ ಒಬ್ಬನೇ, ಎಲ್ ವಾಟ್ಸನ್, ಮೌತ್ ಆರ್ಗನ್ ನುಡಿಸುವವನು. ಅವನಿಗೆ ಗಿಟಾರ್ ಸಾಥ್ ಕೊಟ್ಟದ್ದು ಒಬ್ಬ ಬಿಳಿಯ, ಚಾರ್ಲ್ಸ್ ಜಾನ್ಸನ್. ಅಂದರೆ ಆ ಮಹಡಿಯ ಮೇಲೆ ಒಟ್ಟಿಗೆ ಕೂತು ನುಡಿಸಿದವರನ್ನು ಅಂಗಡಿಯಲ್ಲಿ ಬೇರೆ ಬೇರೆ ಗೂಡಿಗೆ ಹಾಕಿದರು.

ಇನ್ನೊಬ್ಬನ ಹೆಸರು ನೆನಪಿಡಿ: ಲೆಸ್ಲಿ ರಿಡಲ್. ಕರಿಯ ಗಿಟಾರ್ ವಾದಕ. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಹೋಗಿತ್ತು. 1928ರ ನಂತರ ಎ. ಪಿ. ಜೊತೆ ಹಾಡು ಹುಡುಕಲು ಹೋಗುತ್ತಿದ್ದ. ಎ. ಪಿ. ಸಾಹಿತ್ಯ ಬರೆದುಕೊಂಡರೆ ರಿಡಲ್ ಧಾಟಿಯನ್ನು ನೆನಪಲ್ಲಿಟ್ಟುಕೊಂಡು ಬಂದು ಮನೆಯಲ್ಲಿ ಹೇಳಿಕೊಡುತ್ತಿದ್ದ. ಟೇಪ್ ರೆಕಾರ್ಡರ್ ಇಲ್ಲದ ಕಾಲದಲ್ಲಿ ಆ ಕೆಲಸ ಮಾಡಿದ್ದು ಅವನ ತಲೆ. ಪ್ಲೇಟಿನ ಮೇಲೆ ಅವನ ಹೆಸರಿಲ್ಲ.

ರಾಡ್ಜರ್ಸ್ ಹಾಡಿದ್ದರಲ್ಲೂ ಬಹಳಷ್ಟು ಬ್ಲೂಸ್, ಅಂದರೆ ಕರಿಯರ ನೋವಿನ ಹಾಡಿನ ಧಾಟಿ. 1930ರಲ್ಲಿ ಒಂದು ಹಾಡಿಗೆ ತುತ್ತೂರಿ ಊದಿದ್ದು ಕರಿಯ ಜಾಝ್ ದಿಗ್ಗಜ, ಸಾಕ್ಷಾತ್ ಲೂಯಿ ಆರ್ಮ್‌ಸ್ಟ್ರಾಂಗ್.

ಮೇಬೆಲ್ ಗಿಟಾರ್ ಅಂದ್ರೆ ಎಲ್ರೂ ಕೈ ಮುಗೀತಾರೆ. ಏನಂಥಾದ್ದು?

ಅವಳಿಗಿಂತ ಮೊದಲು ಈ ಹಾಡುಗಳಲ್ಲಿ ಗಿಟಾರ್ ಅಂದರೆ ಹೆಚ್ಚಾಗಿ ಬರೀ ಹಿನ್ನೆಲೆ, ಝಣ್ ಝಣ್. ಮೇಬೆಲ್ ಹೆಬ್ಬೆರಳಿನಿಂದ ಮಂದ್ರದ ದಪ್ಪ ತಂತಿಗಳ ಮೇಲೆ ಹಾಡಿನ ಧಾಟಿಯನ್ನೇ ನುಡಿಸಿದಳು. ಅದೇ ಹೊತ್ತಿಗೆ ತೋರುಬೆರಳು ಸಣ್ಣ ತಂತಿಗಳ ಮೇಲೆ ಲಯಕ್ಕೆ ಸವರುತ್ತಿತ್ತು. ಒಬ್ಬಳೇ ನುಡಿಸಿದರೂ ಇಬ್ಬರಂತೆ ಕೇಳುತ್ತದೆ. ವೀಣೆ ಕಲಿತವರಿಗೆ ಥಟ್ಟನೆ ಅರ್ಥವಾಗುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು ರಾಗ ಮೀಟುತ್ತವೆ, ಕಿರುಬೆರಳು ತಾಳದ ತಂತಿ ನೋಡಿಕೊಳ್ಳುತ್ತದೆ. ಮೇಬೆಲ್‌ನಲ್ಲಿ ಬೆರಳಿನ ಕೆಲಸ ಅದಲುಬದಲು, ಅಷ್ಟೇ. ಇದಕ್ಕೆ ‘ಕಾರ್ಟರ್ ಸ್ಕ್ರ್ಯಾಚ್’ ಅಂತ ಹೆಸರು. ಇವತ್ತಿಗೂ ಗಿಟಾರ್ ಕಲಿಯುವವರು ಇದನ್ನು ತಿದ್ದಿಯೇ ಮುಂದೆ ಹೋಗುತ್ತಾರೆ.

‘ಕಂಟ್ರಿ ಸಂಗೀತದ ಹುಟ್ಟೂರು’ ಅನ್ನೋದು ಸ್ವಲ್ಪ ಜಾಸ್ತಿ ಆಗ್ಲಿಲ್ವಾ?

ಆಯಿತು. ಕಾರ್ಸನ್ ಹಾಡಿದ್ದು 1923ರಲ್ಲಿ. ಟೆನೆಸಿಯ ನ್ಯಾಶ್‌ವಿಲ್‌ನಲ್ಲಿ ಈ ಹಾಡುಗಳ ರೇಡಿಯೊ ಕಾರ್ಯಕ್ರಮ ಶುರುವಾದದ್ದು 1925ರಲ್ಲಿ. ಸ್ಟೋನ್‌ಮನ್ ಸ್ವತಃ ಬ್ರಿಸ್ಟಲ್‌ಗೆ ಬರುವ ಮೊದಲೇ ನಾಲ್ಕಾರು ಕಂಪನಿಗೆ ಹಾಡಿದ್ದ. ಆದರೂ ಅಮೆರಿಕದ ಸಂಸತ್ತು 1998ರಲ್ಲಿ ಬ್ರಿಸ್ಟಲ್‌ಗೆ ಆ ಬಿರುದು ಕೊಟ್ಟಿತು. ಬೇರೆ ಊರಿನವರು ಗೊಣಗುತ್ತಾರೆ, ಗೊಣಗಲಿ.

ನನ್ನ ಲೆಕ್ಕದಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ್ದು ಸಂಗೀತವಲ್ಲ, ಕಸುಬು. ಒಳ್ಳೇ ಮೈಕು, ಹಕ್ಕುಸ್ವಾಮ್ಯದ ಕಾಗದ, ರಾಯಲ್ಟಿ, ಜೊತೆಗೆ ಮತ್ತೆ ಮತ್ತೆ ಕೇಳಬೇಕೆನ್ನಿಸುವ ಎರಡು ದನಿ. ಇವು ನಾಲ್ಕೂ ಒಂದೇ ಸೂರಿನಡಿ ಮೊದಲ ಸಲ ಸೇರಿದ್ದು ಅಲ್ಲಿ. 1928ರಲ್ಲಿ ಪೀರ್ ಮತ್ತೆ ಬಂದು ರೆಕಾರ್ಡಿಂಗ್ ಮಾಡಿದ. ಆ ಸಲ ಅಂಥ ಇಬ್ಬರು ಸಿಗಲಿಲ್ಲ.

## ಹೋಗಿ ನೋಡುವವರಿಗೆ

ಆ ಟೋಪಿ ಕಟ್ಟಡ ಈಗಲೂ ಇದೆಯಾ?

ಇಲ್ಲ. ಜಾಗದಲ್ಲಿ ಸ್ಮಾರಕ ಫಲಕವಿದೆ. ಮೊದಲ ಸಲ ಹೋದಾಗ ಅದರ ಎದುರೇ ಕಾರು ನಿಲ್ಲಿಸಿ, ಅರ್ಧ ಗಂಟೆ ಊರೆಲ್ಲ ಹುಡುಕಿದ್ದೆ.

ಮತ್ತೆ ನೋಡೋಕೆ ಏನಿದೆ?

ಮ್ಯೂಸಿಯಂ ಇದೆ. 2014ರ ಆಗಸ್ಟ್ 1ರಂದು ತೆರೆಯಿತು, ಹಳೇ ಕಾರು ಶೋರೂಂ ಕಟ್ಟಡದಲ್ಲಿ. ತಮಾಷೆ ಅಂದರೆ ರೆಕಾರ್ಡಿಂಗ್ ಆದದ್ದು ಟೆನೆಸಿ ಕಡೆ, ಮ್ಯೂಸಿಯಂ ಇರುವುದು ವರ್ಜೀನಿಯಾ ಕಡೆ. ಒಳಗೇ ಒಂದು ಪುಟ್ಟ ರೇಡಿಯೊ ಸ್ಟೇಷನ್ನೂ ಇದೆ. ಸೆಪ್ಟೆಂಬರಿನಲ್ಲಿ ಸ್ಟೇಟ್ ಸ್ಟ್ರೀಟ್ ಮುಚ್ಚಿ ಮೂರು ದಿನ ಸಂಗೀತದ ಜಾತ್ರೆ ಮಾಡುತ್ತಾರೆ. ಆಗ ಹೋಗುವುದಾದರೆ ರೂಮು ಮೊದಲೇ ಹಿಡಿಯಿರಿ. ‘ಟೆನೆಸಿ’ ಅರ್ನಿ ಫೋರ್ಡ್ ಎಂಬ ದಪ್ಪ ದನಿಯ ಗಾಯಕ ಹುಟ್ಟಿದ್ದೂ ಇದೇ ಊರಲ್ಲಿ, 1919ರಲ್ಲಿ. ಅವನ ಮನೆ ಉಳಿಸಿದ್ದಾರೆ.

ಶನಿವಾರವೇ ಯಾಕೆ ಕರ್ಕೊಂಡು ಹೋಗ್ತೀರಿ?

ಕಾರ್ಟರ್ ಫೋಲ್ಡ್ ಎಂಬ ಹಾಡಿನ ಮನೆಗಾಗಿ. ಬ್ರಿಸ್ಟಲ್‌ನಿಂದ ಮುಕ್ಕಾಲು ಗಂಟೆಯೊಳಗೆ ಹಿಲ್ಟನ್ಸ್ ಎಂಬ ಹಳ್ಳಿ. ಹಾಡು ನಿಲ್ಲದಂತೆ ನೋಡಿಕೊ ಅಂತ ಎ. ಪಿ. ಸಾಯುವ ಮೊದಲು ಮಗಳು ಜಾನೆಟ್‌ಳಿಂದ ಮಾತು ತೆಗೆದುಕೊಂಡಿದ್ದ. 1974ರಲ್ಲಿ ಅವಳು ಅಪ್ಪನ ಹಳೇ ಕಿರಾಣಿ ಅಂಗಡಿಯಲ್ಲಿ ಕಛೇರಿ ಶುರು ಮಾಡಿದಳು. ಜನ ಜಾಸ್ತಿಯಾದ ಮೇಲೆ ಪಕ್ಕದಲ್ಲೇ ದೊಡ್ಡ ಕೊಟ್ಟಿಗೆಯಂಥ ಸಭಾಂಗಣ ಕಟ್ಟಿದರು. ಪ್ರತಿ ಶನಿವಾರ ಸಂಜೆ ಹಾಡು. ಎಲೆಕ್ಟ್ರಿಕ್ ವಾದ್ಯ ಇಲ್ಲ, ಮದ್ಯ ಇಲ್ಲ. ವೇದಿಕೆಯ ಮುಂದೆ ಕುಣಿಯಲು ಜಾಗ. ಚಪ್ಪಲಿಗೆ ಲೋಹದ ಬಿಲ್ಲೆ ಹೊಡೆಸಿಕೊಂಡ ಅಜ್ಜ-ಅಜ್ಜಿಯರು ಪಿಟೀಲು ಶುರುವಾದ ತಕ್ಷಣ ಎದ್ದು ಬರುತ್ತಾರೆ. ಸೊಂಟದಿಂದ ಮೇಲೆ ಅಲುಗಾಟವೇ ಇಲ್ಲ, ಎಲ್ಲ ಕೆಲಸ ಪಾದದ್ದು.

ಎಲೆಕ್ಟ್ರಿಕ್ ಬೇಡ ಅನ್ನುವ ನಿಯಮ ಸಡಿಲಿಸಿದ್ದು ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್‌ಗೆ. ಅವನು ಮನೆ ಅಳಿಯ, ಮೇಬೆಲ್ ಮಗಳು ಜೂನ್‌ಳ ಗಂಡ. ಜೂನ್ ತೀರಿಕೊಂಡು ಎರಡು ತಿಂಗಳಾಗುವ ಮೊದಲೇ, 2003ರ ಜುಲೈ 5ರಂದು ಅಲ್ಲಿಗೆ ಬಂದು ಹಾಡಿದ. ಅದೇ ಅವನ ಕೊನೆಯ ಕಛೇರಿ. ಸೆಪ್ಟೆಂಬರಿನಲ್ಲಿ ಹೋದ.

ಒಂದೇ ಹಾಡು ಕೇಳೋಕೆ ಟೈಮ್ ಇದ್ರೆ ಯಾವುದು?

ಕಾರ್ಟರ್ ಕುಟುಂಬದ ಮೂವರೂ ಸೇರಿ ಮೊದಲ ಸಂಜೆ ಹಾಡಿದ್ದನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಮಾರನೇ ಬೆಳಗ್ಗೆಯದು, ‘ಸಿಂಗಲ್ ಗರ್ಲ್, ಮ್ಯಾರೀಡ್ ಗರ್ಲ್’. ಎ. ಪಿ. ಬಾರದೆ ಇದ್ದಾಗ ಹಾಡಿದ್ದು. ಮದುವೆಯಾಗದವಳು ಚೆಂದ ಉಟ್ಟು ಓಡಾಡುತ್ತಾಳೆ, ಮದುವೆಯಾದವಳು ತೊಟ್ಟಿಲು ತೂಗುತ್ತ ಅಳುತ್ತಾಳೆ, ಇಷ್ಟೇ ವಿಷಯ. ಸಾರಾಗೆ ಈ ಹಾಡು ಇಷ್ಟವಿರಲಿಲ್ಲ. ಪೀರ್ ಬಲವಂತಕ್ಕೆ ಹಾಡಿದಳು. ಆ ಆರು ಹಾಡುಗಳಲ್ಲಿ ಚೆನ್ನಾಗಿ ಓಡಿದವುಗಳ ಪೈಕಿ ಇದೂ ಒಂದು. ದನಿಯಲ್ಲಿ ಅಳುವಿಲ್ಲ, ಬಿಗುವಿದೆ. ಹೆಡ್‌ಫೋನ್ ಹಾಕಿ ಮೇಬೆಲ್‌ನ ಹೆಬ್ಬೆರಳು ಗಮನಿಸಿ. ಸುಮ್ನೆ ಮೂರು ನಿಮಿಷ.